ಹಳೇ ಮಿನಿ ಟ್ರ್ಯಾಕ್ಟರ್ ಸಿಕ್ಕಿದೆ, ತಗೊಳ್ಳಲಾ ಬೇಡವಾ?

ಹೊಸಕೈ
ಎಲ್ಲರಿಗೂ ನಮಸ್ಕಾರ. ಒಂದು ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ನೋಡಿ ಬಂದಿದ್ದೇನೆ. ಮನಸ್ಸು ಅದರ ಮೇಲೇ ಇದೆ, ಆದರೆ ಧೈರ್ಯ ಸಾಲುತ್ತಿಲ್ಲ.

24 ಎಚ್‌ಪಿ, ಮೂರು ಸಿಲಿಂಡರ್ ಡೀಸೆಲ್, ಫೋರ್ ವೀಲ್ ಡ್ರೈವ್, ಗೇರ್ ಗಾಡಿ. ವಯಸ್ಸು 16 ವರ್ಷ. ಮೀಟರಿನಲ್ಲಿ 1,140 ಗಂಟೆ ತೋರಿಸುತ್ತಿದೆ. ಮೊದಲಿಂದಲೂ ಒಬ್ಬರೇ ಓನರ್. ಮುಂದೆ ಮಣ್ಣು ಎತ್ತಿ ಸುರಿಯುವ ಲೋಡರ್ ಇದೆ, ಜೊತೆಗೆ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ನಾಲ್ಕಡಿ ರೋಟವೇಟರ್ ಕೊಡುತ್ತಾರಂತೆ. ಈಚೆಗೆ ಬಣ್ಣ ಹೊಡೆಸಿದ್ದಾರೆ, ಫಳಫಳ ಅನ್ನುತ್ತಿದೆ. ಹೊಸದರ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೇಳುತ್ತಿದ್ದಾರೆ. ನಾನು ಹೋಗುವಷ್ಟರಲ್ಲಿ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಸದ್ದು ಚೆನ್ನಾಗೇ ಇತ್ತು.

ನನ್ನದು ನಾಲ್ಕು ಎಕರೆ. ಅರ್ಧ ತೋಟ, ಅರ್ಧ ಬಯಲು. ಸಾಲುಗಳ ನಡುವೆ ಉಳುಮೆ, ಹುಲ್ಲು ಹೊಡೆಯುವುದು, ಗೊಬ್ಬರ ಮಣ್ಣು ಸಾಗಿಸುವುದು, ಇಷ್ಟೇ ಕೆಲಸ. ಓಡಿಸಲು ಬರುತ್ತದೆ, ರಿಪೇರಿ ಬರುವುದಿಲ್ಲ. 16 ವರ್ಷಕ್ಕೆ 1,140 ಗಂಟೆ ಅಂದರೆ ಹೆಚ್ಚುಕಮ್ಮಿ ಹೊಸದೇ ಅಲ್ವಾ?

ಗ್ಯಾರೇಜ್‌ವಾಸಿ
"ನಾನು ಹೋಗುವಷ್ಟರಲ್ಲಿ ಸ್ಟಾರ್ಟ್ ಮಾಡಿ ಇಟ್ಟಿದ್ದರು" ಅಂದಿರಲ್ಲ, ನನಗೆ ಕಿವಿ ನಿಮಿರಿದ್ದು ಅಲ್ಲೇ. ಬಿಸಿ ಎಂಜಿನ್ ಯಾವತ್ತೂ ಒಳ್ಳೆಯದೇ ಅನಿಸುತ್ತದೆ. ಡೀಸೆಲ್ ಎಂಜಿನ್ನಿನ ಬಂಡವಾಳ ಬಯಲಾಗುವುದು ತಣ್ಣಗಿದ್ದಾಗ. ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ, "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ಕೂಡಲೇ ಎಂಜಿನ್ ಬ್ಲಾಕ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಲೆಕ್ಕ.

ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಒಳಗೆ ಬಿಸಿ ಕೊಡುವ ಪ್ಲಗ್) ಕಾಯಿಸಿ ಸೆಲ್ಫ್ ಹೊಡೆದರೆ ಕೆಲವೇ ಸೆಕೆಂಡಿನಲ್ಲಿ ಹಿಡಿಯಬೇಕು. ಮೊದಲು ಸ್ವಲ್ಪ ಬಿಳಿ ಹೊಗೆ ಬಂದರೆ ಗಾಬರಿ ಬೇಡ, ಅದು ಉರಿಯದ ಡೀಸೆಲ್. ಬೆಚ್ಚಗಾದ ಮೇಲೂ ಬರುತ್ತಲೇ ಇದ್ದರೆ ಕಂಪ್ರೆಷನ್ ಕಮ್ಮಿ, ಇಲ್ಲ ಡೀಸೆಲ್ ಚಿಮ್ಮಿಸುವ ನಾಝಲ್ ತೊಂದರೆ, ಇಲ್ಲ ನೀರು ಒಳಗೆ ಹೋಗುತ್ತಿದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಲೋಡ್ ಬಿದ್ದಾಗ ಒಂದಿಷ್ಟು ಸಹಜ, ಸುಮ್ನೆ ನಿಂತಾಗಲೂ ಬಂದರೆ ಏರ್ ಕ್ಲೀನರ್ ಅಥವಾ ನಾಝಲ್ ನೋಡಬೇಕು.

ಇನ್ನೊಂದು ಪುಕ್ಕಟೆ ಪರೀಕ್ಷೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಸಡಿಲವಾಗಿ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಕುಣಿದು ಬಿದ್ದು, ಒಳಗಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಎಂಜಿನ್ ಇಳಿಸುವ ಕೆಲಸ ಹತ್ತಿರದಲ್ಲೇ ಇದೆ ಅಂತ ಅರ್ಥ.

ಮೂರೆಕರೆ
ಕಮ್ಮಿ ಗಂಟೆ ಓಡಿದೆ ಅಂತ ಖುಷಿ ಪಡಬೇಡಿ ಅಣ್ಣ. ವರ್ಷಕ್ಕೆ 71 ಗಂಟೆ ಆಯಿತು. ಅಂದರೆ ಬಹಳ ಕಾಲ ಶೆಡ್ಡಿನಲ್ಲೇ ನಿಂತಿದೆ. ನಿಂತ ಗಾಡಿಗೆ ಬೇರೆ ತರದ ರೋಗ. ಆಯಿಲ್ ಸೀಲ್ ಒಣಗುತ್ತವೆ, ಟೈರ್ ಬಿರಿಯುತ್ತದೆ, ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ. ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳುವುದೂ ಉಂಟು. ದಿನಾ ದುಡಿದು ಟೈಮಿಗೆ ಸರಿಯಾಗಿ ಆಯಿಲ್ ಕಂಡ 3,000 ಗಂಟೆ ಗಾಡಿಯನ್ನೇ ನಾನು ಆರಿಸುತ್ತೇನೆ.

ಗೇರ್‌ಪ್ರೇಮಿ
ಇದನ್ನು ನಾನು ಪೂರ್ತಿ ಒಪ್ಪಲ್ಲ. ನಿಂತ ಗಾಡಿಯ ರೋಗ ಬಹುಪಾಲು ರಬ್ಬರಿನ ರೋಗ. ಸೀಲ್, ಹೋಸ್, ಬೆಲ್ಟ್, ಟೈರ್. ಬದಲಾಯಿಸಿದರೆ ಮುಗಿಯಿತು. ಓಡಿದ ಗಾಡಿಯ ರೋಗ ಕಬ್ಬಿಣದ್ದು. ಗೇರ್, ಬೇರಿಂಗ್, ಕ್ರ್ಯಾಂಕ್. ಎರಡಕ್ಕೂ ಆಗುವ ಖರ್ಚು ಒಂದೇನಾ?

ಆದರೆ ಮೊದಲು ಆ ಮೀಟರ್ ಯಾವ ಜಾತಿಯದ್ದು ಅಂತ ನೋಡಿ. ಹಳೇ ಗಾಡಿಗಳಲ್ಲಿ ಕೇಬಲ್ ಮೀಟರ್. ಅದು ಗಡಿಯಾರದ ಗಂಟೆ ಎಣಿಸುವುದಿಲ್ಲ, ಎಂಜಿನ್ ಸುತ್ತು ಎಣಿಸುತ್ತದೆ. 2,500 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಒಂದು ಗಂಟೆ ಅಂತ ಇಟ್ಟಿದ್ದರೆ, 1,250ರಲ್ಲಿ ಎರಡು ಗಂಟೆ ಓಡಿಸಿದಾಗ ಮೀಟರಿನಲ್ಲಿ ಒಂದೇ ಗಂಟೆ ಏರುತ್ತದೆ. ಲೋಡರ್ ಕೆಲಸವೆಲ್ಲ ಕಮ್ಮಿ ಆರ್‌ಪಿಎಂನಲ್ಲೇ ನಡೆಯುವುದು. ಕೇಬಲ್ ತುಂಡಾದರಂತೂ ಮೀಟರ್ ನಿಂತೇ ಹೋಗುತ್ತದೆ, ಗಾಡಿ ಮಾತ್ರ ಓಡುತ್ತಲೇ ಇರುತ್ತದೆ.

ಹೊಸಕೈ
ಅಯ್ಯೋ, ಕೇಬಲ್ ಮೀಟರೇ. ಆರ್‌ಪಿಎಂ ಮುಳ್ಳಿನ ಕೆಳಗೆ ಅಂಕಿ ಉರುಳುವ ತರದ್ದು. ಹಾಗಾದರೆ ನಿಜವಾಗಿ ಎಷ್ಟು ಓಡಿದೆ ಅಂತ ತಿಳಿಯುವುದು ಹೇಗೆ?

ಗ್ಯಾರೇಜ್‌ವಾಸಿ
ಮೀಟರ್ ಬಿಡಿ, ಗಾಡಿಯನ್ನೇ ಕೇಳಿ. ಕ್ಲಚ್ ಪೆಡಲ್ ನೋಡಿ. ಕಾಲಿಡುವ ಜಾಗದ ಗೆರೆಗಳು ಪೂರ್ತಿ ಸವೆದು ನುಣ್ಣಗಾಗಿದ್ದರೆ 1,140 ಗಂಟೆಯ ಮಾತನ್ನು ನಾನು ನಂಬಲ್ಲ. ಸ್ಟೀರಿಂಗ್ ಚಕ್ರ ಅಲ್ಲಾಡಿಸಿ, ಎಷ್ಟು ಆಟ ಇದೆ ನೋಡಿ. ಹಿಂದೆ ಟ್ರೈಲರ್ ಪಿನ್ ಹಾಕುವ ತೂತು ಗುಂಡಗಿದೆಯಾ, ಮೊಟ್ಟೆಯಾಕಾರಕ್ಕೆ ತಿರುಗಿದೆಯಾ? ಮೊಟ್ಟೆಯಾಗಿದ್ದರೆ ಟ್ರೈಲರ್ ಎಳೆದು ಎಳೆದು ಸುಸ್ತಾದ ಗಾಡಿ. ಕೆಳಗಿನ ಲಿಫ್ಟ್ ತೋಳುಗಳ ತುದಿಯ ಬಾಲ್ ಜಾಯಿಂಟ್ ಲಟಲಟ ಅನ್ನುತ್ತದಾ ನೋಡಿ. ಪಿಟಿಒ ಶಾಫ್ಟಿನ (ರೋಟವೇಟರಿನಂಥ ಸಲಕರಣೆಗೆ ಎಂಜಿನ್ ಶಕ್ತಿ ಕೊಡುವ, ಹಿಂದೆ ತಿರುಗುವ ಕೋಲು) ಹಲ್ಲುಗಳು ನೇರವಾಗಿರಬೇಕು, ಒಂದು ಪಕ್ಕಕ್ಕೆ ಸವೆದು ತಿರುಚಿದ ಹಾಗೆ ಕಾಣಬಾರದು.

ಬಣ್ಣ ಹೊಡೆಸಿದ್ದಾರೆ ಅಂದಿರಿ. ಗ್ರೀಸ್ ನಿಪ್ಪಲ್‌ಗಳನ್ನು, ಅಂದರೆ ಗ್ರೀಸ್ ತುಂಬುವ ಸಣ್ಣ ಮೂತಿಗಳನ್ನು ಹುಡುಕಿ. ಮುಂದಿನ ಆಕ್ಸಲ್ ಪಿವಟ್, ಲೋಡರ್ ಪಿನ್ನುಗಳು, ಸ್ಟೀರಿಂಗ್ ತುದಿಗಳು. ನಿಪ್ಪಲ್ ಬಾಯಿಗೇ ಬಣ್ಣ ಮೆತ್ತಿದ್ದರೆ ಬಣ್ಣ ಹೊಡೆದ ಮೇಲೆ ಒಂದು ಸಲವೂ ಗ್ರೀಸ್ ಕಂಡಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಮುಂಚೆಯೂ ಕಂಡಿರುವುದಿಲ್ಲ!

ಲೆಕ್ಕದವಳು
ನಾನು ಬೇರೆ ಕಡೆಯಿಂದ ಬರುತ್ತೇನೆ. ನಾಲ್ಕು ಎಕರೆಗೆ ಟ್ರ್ಯಾಕ್ಟರ್ ಬೇಕೇ ಬೇಕಾ? ವರ್ಷದ ಕೆಲಸವನ್ನು ಗಂಟೆ ಲೆಕ್ಕದಲ್ಲಿ ಬರೆಯಿರಿ. ಉಳುಮೆ ಇಷ್ಟು, ಹುಲ್ಲು ಇಷ್ಟು, ಸಾಗಾಟ ಇಷ್ಟು. ಅದನ್ನು ಬಾಡಿಗೆ ದರದಿಂದ ಗುಣಿಸಿ. ಇನ್ನೊಂದು ಕಡೆ ಕೊಳ್ಳುವ ಬೆಲೆ ಬರೆದು, ಐದು ವರ್ಷದ ನಂತರ ಮಾರಿದರೆ ಸಿಗಬಹುದಾದ ಹಣ ಕಳೆಯಿರಿ. ಐದು ವರ್ಷದ ಸರ್ವಿಸ್, ರಿಪೇರಿ, ಇನ್ಶೂರೆನ್ಸ್, ಸಾಲ ಮಾಡಿದರೆ ಬಡ್ಡಿ, ಇವನ್ನು ಕೂಡಿಸಿ. ಅದನ್ನು ಐದರಿಂದ ಭಾಗಿಸಿ ಎರಡನ್ನೂ ಪಕ್ಕಪಕ್ಕ ಇಡಿ. ಡೀಸೆಲ್ ಮತ್ತು ನಿಮ್ಮ ಕೂಲಿಯನ್ನು ಮರೆಯಬೇಡಿ, ಬಾಡಿಗೆ ದರದಲ್ಲಿ ಅವೆರಡೂ ಸೇರಿರುತ್ತವೆ. ಉಳುಮೆ ಒಂದಕ್ಕೇ ಆದರೆ ಬಾಡಿಗೆಯೇ ಗೆಲ್ಲುತ್ತದೆ ಅಂತ ನನ್ನ ಅನಿಸಿಕೆ.

ಮೂರೆಕರೆ
ಮೇಡಂ, ಕಾಗದದ ಮೇಲೆ ನೀವು ಹೇಳಿದ್ದು ಸರಿ. ಆದರೆ ಹದ ಬಂದಾಗ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಬಾಡಿಗೆ ಗಾಡಿ ಮೊದಲು ದೊಡ್ಡ ಜಮೀನಿಗೆ ಹೋಗುತ್ತದೆ. ನಮ್ಮ ಸರದಿ ಬರುವ ಹೊತ್ತಿಗೆ ಮಣ್ಣು ಗಟ್ಟಿಯಾಗಿರುತ್ತದೆ. ತೋಟದ ಸಾಲಿನೊಳಗೆ ದೊಡ್ಡ ಟ್ರ್ಯಾಕ್ಟರ್ ನುಗ್ಗಿಸಿದರೆ ಕೊಂಬೆ ಮುರಿಯುತ್ತದೆ, ಬೇರು ತುಳಿಯುತ್ತದೆ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಲೆಕ್ಕದವಳು
ಒಪ್ಪಿದೆ. ಹಾಗಾದರೆ ಅದನ್ನು "ಹದಕ್ಕೆ ಕೊಡುವ ಬೆಲೆ" ಅಂತ ಒಂದು ಸಾಲು ಬರೆದುಕೊಳ್ಳಲಿ, ಆದರೆ ಬರೆಯಲಿ. ಬರೆಯದೆ ಬಿಟ್ಟರೆ ಆಸೆ ಬಂದು ಆ ಜಾಗದಲ್ಲಿ ಕೂತುಬಿಡುತ್ತದೆ. ಇನ್ನೊಂದು, ಕೇಳಿದ ಬೆಲೆ ಕೊನೆಯ ಬೆಲೆ ಅಲ್ಲ. ಮೊದಲ ವರ್ಷದ ಸರ್ವಿಸಿಗೆ ಕೊಳ್ಳುವ ಬೆಲೆಯ ಐದನೇ ಒಂದು ಪಾಲು ಪಕ್ಕಕ್ಕಿಡಿ. ಅಷ್ಟು ಉಳಿಸಲು ಆಗದಿದ್ದರೆ ಆ ಗಾಡಿ ನಿಮ್ಮ ಕೈಗೆ ಎಟುಕುವುದಲ್ಲ ಅಂತಲೇ ತಿಳಿಯಿರಿ.

ಬಿಡಿಭಾಗ
ಬೇರೆ ದೇಶದಿಂದ ಬಂದ ಹಳೇ ಗಾಡಿಯಾ ಅದು? ಜಪಾನಿನ ಒಳಗಿನ ಮಾರುಕಟ್ಟೆಗೆ ಅಂತಲೇ ಮಾಡಿದ ಚಿಕ್ಕ ಟ್ರ್ಯಾಕ್ಟರ್‌ಗಳು, ಅಲ್ಲಿ ಗದ್ದೆಯಲ್ಲಿ ದುಡಿದು, ಬಣ್ಣ ಹೊಡೆಸಿಕೊಂಡು ಜಗತ್ತಿನ ಎಷ್ಟೋ ಕಡೆ ಮಾರಾಟವಾಗಿವೆ. ಎಂಜಿನ್ ಗಟ್ಟಿ, ಅದರಲ್ಲಿ ಮಾತಿಲ್ಲ. ಆದರೆ ಅದೇ ಕಂಪನಿ ಹೊರಗೆ ಮಾರಿದ ಮಾದರಿಯ ಸಾಮಾನು ಇದಕ್ಕೆ ಕೂರದಿರಬಹುದು. ಕೆಲವಕ್ಕೆ ಗಾಡಿ ಮಗುಚಿದರೆ ಕಾಪಾಡುವ ತಲೆಯ ಮೇಲಿನ ರೋಲ್ ಬಾರ್ ಕೂಡ ಇರುವುದಿಲ್ಲ. ಲಿವರ್ ಪಕ್ಕದ ಸ್ಟಿಕ್ಕರ್ ಯಾವ ಭಾಷೆಯಲ್ಲಿದೆ ನೋಡಿ, ಗೊತ್ತಾಗಿಬಿಡುತ್ತದೆ.

ಯಾವುದೇ ಆಗಲಿ, ಗಾಡಿಯ ನೇಮ್ ಪ್ಲೇಟಿನ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಬರೆದುಕೊಂಡು ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ. ನಾಲ್ಕು ಸಾಮಾನು ಕೇಳಿ: ಕ್ಲಚ್ ಪ್ಲೇಟ್, ಹೆಡ್ ಗ್ಯಾಸ್ಕೆಟ್, ಹೈಡ್ರಾಲಿಕ್ ಪಂಪ್, ಮುಂದಿನ ಹಬ್ (ಚಕ್ರದ ನಡುಭಾಗ) ಸೀಲ್. "ಸಿಗುತ್ತದೆ" ಅಂದರೆ ಸಾಲದು. ಎಷ್ಟು ದಿನಕ್ಕೆ, ಎಷ್ಟಕ್ಕೆ ಅಂತ ಕೇಳಿ. ಪ್ಲೇಟಿನ ಸೀರಿಯಲ್ ನಂಬರ್ ಕಾಗದದಲ್ಲಿ ಇರುವುದಕ್ಕೆ ತಾಳೆಯಾಗಬೇಕು. ಗಾಡಿ ಮೇಲೆ ಹಳೇ ಸಾಲ ಉಳಿದಿಲ್ಲ ಅನ್ನುವುದಕ್ಕೂ ಕಾಗದ ಬೇಕು, ಬಾಯಿಮಾತು ಬೇಡ.

ಗ್ಯಾರೇಜ್‌ವಾಸಿ
ಬಿಡಿಭಾಗದವರು ಹೇಳಿದ್ದನ್ನು ತಪ್ಪದೆ ಮಾಡಿ. ಈಗ ಕ್ಲಚ್ ವಿಷಯ. ಕಾರಿನ ಕ್ಲಚ್ಚಿನ ಹಾಗಲ್ಲ ಇದು. ಪ್ಲೇಟ್ ಬದಲಾಯಿಸಬೇಕು ಅಂದರೆ ಟ್ರ್ಯಾಕ್ಟರನ್ನು ನಡುವೆ ಎರಡು ಹೋಳು ಮಾಡಬೇಕು. ಪ್ಲೇಟಿಗಿಂತ ಕೂಲಿಯೇ ಜಾಸ್ತಿ. ಲೋಡರ್ ಗಾಡಿಯಲ್ಲಿ ಮುಂದೆ ಹಿಂದೆ, ಮುಂದೆ ಹಿಂದೆ ಅಂತ ಕ್ಲಚ್ ತುಳಿದು ತುಳಿದು ಸವೆದಿರುತ್ತದೆ. ಪರೀಕ್ಷೆ ಹೀಗೆ: ಎದುರಿಗೆ ಯಾರೂ ಇಲ್ಲದ ಜಾಗ. ಬ್ರೇಕ್ ಗಟ್ಟಿಯಾಗಿ ತುಳಿದು, ದೊಡ್ಡ ಗೇರಿಗೆ ಹಾಕಿ, ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಒದ್ದಾಡಿ ಆಫ್ ಆಗಬೇಕು. ಆರಾಮಾಗಿ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಒಂದೇ ಸಲ ಸಾಕು, ಪದೇ ಪದೇ ಮಾಡಿ ಅವರ ಕ್ಲಚ್ ಸುಡಬೇಡಿ.

ಹೈಡ್ರಾಲಿಕ್: ರೋಟವೇಟರ್ ಎತ್ತಿ, ಎಂಜಿನ್ ಆಫ್ ಮಾಡಿ, ದೂರ ನಿಂತು ನೋಡಿ. ನಿಧಾನಕ್ಕೆ ಇಳಿದರೆ ಹಳೇ ಗಾಡಿಗೆ ಅದು ಸಹಜ. ನೋಡುನೋಡುತ್ತಲೇ ನೆಲ ಮುಟ್ಟಿದರೆ ಒಳಗೆ ಸೋರುತ್ತಿದೆ. ಎಂಜಿನ್ ಓಡುತ್ತಿರುವಾಗ ಲಿಫ್ಟ್ ಬಿಕ್ಕಳಿಕೆ ಬಂದ ಹಾಗೆ ಮೇಲೆ ಕೆಳಗೆ ಆಡಿದರೂ ಅದೇ ಕತೆ. ಹಿಂದಿನ ಡಿಪ್‌ಸ್ಟಿಕ್ ತೆಗೆದು ಆಯಿಲ್ ಬಣ್ಣ ನೋಡಿ. ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ. ಮಳೆಗೆ ನಿಂತ ಗಾಡಿಗಳಲ್ಲಿ ಗೇರ್ ಲಿವರಿನ ರಬ್ಬರ್ ಬಿರಿದು ಅಲ್ಲಿಂದಲೇ ನೀರು ಇಳಿಯುತ್ತದೆ.

ಗೇರ್‌ಪ್ರೇಮಿ
ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತದಾ ಅಂತಲೂ ನೋಡಬೇಕು. ಎಂಜಿನ್ ಆಫ್, ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು, ಮುಂದಿನ ಒಂದು ಚಕ್ರಕ್ಕೆ ಜಾಕ್. ಫೋರ್ ವೀಲ್ ಲಿವರ್ ಹಾಕಿದಾಗ ಎತ್ತಿದ ಚಕ್ರ ಕೈಯಲ್ಲಿ ತಿರುಗಬಾರದು, ಸ್ವಲ್ಪ ಆಟ ಮಾತ್ರ ಇರಬೇಕು. ಲಿವರ್ ತೆಗೆದರೆ ತಿರುಗಬೇಕು. ಅದೇ ಹೊತ್ತಿಗೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೋಡರ್ ಭಾರವೆಲ್ಲ ಮುಂದಿನ ಆಕ್ಸಲ್ ಮೇಲೇ ಬೀಳುವುದು. ಬೇರಿಂಗ್, ಕಿಂಗ್‌ಪಿನ್, ನಡುವಿನ ಪಿವಟ್, ಸವೆಯುವುದು ಅಲ್ಲೇ.

ಟೈರ್ ಸೈಜ್ ಬರೆದುಕೊಂಡು ಬನ್ನಿ. ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದಿಷ್ಟು ಜೋರಾಗಿ ಎಳೆಯುವ ಹಾಗೆ ಗೇರ್ ಇಟ್ಟಿರುತ್ತಾರೆ. ಯಾರೋ ಸಿಕ್ಕಿದ ಸೈಜ್ ಹಾಕಿಸಿದ್ದರೆ ಆ ಲೆಕ್ಕ ತಪ್ಪಿ ಗೇರಿಗೆ ಏಟು. ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡಿ ಅನ್ನುವುದೂ ಇದಕ್ಕೇ.

ನೆಲಕ್ಕಿಂತ ಹಿಂದೆ
ಯಾರೂ ರೋಲ್ ಬಾರ್ ಬಗ್ಗೆ ಸರಿಯಾಗಿ ಹೇಳಲಿಲ್ಲ. ಬಾರ್ ಇದೆಯಾ? ಕತ್ತರಿಸಿ ಮತ್ತೆ ವೆಲ್ಡ್ ಮಾಡಿಲ್ಲ ತಾನೆ? ತೋಟದಲ್ಲಿ ಕೊಂಬೆ ತಗಲುತ್ತದೆ ಅಂತ ಎಷ್ಟೋ ಜನ ಬಿಚ್ಚಿ ಮೂಲೆಗೆ ಹಾಕುತ್ತಾರೆ. ಬಾರ್ ನಿಲ್ಲಿಸಿದ್ದರೆ ಸೀಟ್ ಬೆಲ್ಟ್ ಹಾಕಲೇಬೇಕು, ಇಲ್ಲದಿದ್ದರೆ ಗಾಡಿ ಮಗುಚಿದಾಗ ನೀವು ಹೊರಗೆ ಹಾರಿ ಅದೇ ಬಾರಿನ ಕೆಳಗೆ ಸಿಕ್ಕುತ್ತೀರಿ.

ಪಿಟಿಒ ಶಾಫ್ಟಿನ ಮೇಲಿನ ಕವರ್ ಇದೆಯಾ ನೋಡಿ. ಅದು ತಿರುಗುವ 540 ಆರ್‌ಪಿಎಂ ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಬಟ್ಟೆ ತುದಿ ಸಿಕ್ಕಿದರೆ ಬಿಡಿಸಿಕೊಳ್ಳುವಷ್ಟು ಟೈಮ್ ಇರುವುದಿಲ್ಲ. ಮತ್ತೆ, ಕ್ಲಚ್ ತುಳಿಯದೆ ಸೆಲ್ಫ್ ಹೊಡೆದು ನೋಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು. ಸ್ಟಾರ್ಟ್ ಆದರೆ ಸೇಫ್ಟಿ ಸ್ವಿಚ್ಚಿನ ವೈರ್ ಕಿತ್ತು ನೇರ ಕೊಟ್ಟಿರಬಹುದು.

ಹೊಸಕೈ
ಹೋಗಿ ಬಂದೆ. ಪರಿಚಯದ ಮೆಕಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ಮಾರುವವರು ಒಳ್ಳೆಯವರೇ, ಏನು ನೋಡಬೇಕೋ ನೋಡಿ ಅಂದರು.

ಬ್ಲಾಕ್ ತಣ್ಣಗಿತ್ತು. ಗ್ಲೋ ಕಾಯಿಸಿದ ಮೇಲೆ ಬೇಗ ಹಿಡಿಯಿತು, ಸ್ವಲ್ಪ ಹೊತ್ತು ಬಿಳಿ ಹೊಗೆ, ಆಮೇಲೆ ಸ್ವಚ್ಛ. ಆಯಿಲ್ ಮುಚ್ಚಳ ಸುಮ್ಮನೆ ಕೂತಿತ್ತು. ಎಂಜಿನ್ ಬಗ್ಗೆ ಮೆಕಾನಿಕ್ ಖುಷಿಯಾಗಿದ್ದಾರೆ. ಕ್ಲಚ್ ಪರೀಕ್ಷೆಯಲ್ಲಿ ಎಂಜಿನ್ ಆಫ್ ಆಯಿತು. ಫೋರ್ ವೀಲ್ ಸರಿ ಇದೆ. ರೋಲ್ ಬಾರ್ ಇದೆ, ಬೆಲ್ಟ್ ಇಲ್ಲ. ಸ್ಟಿಕ್ಕರೆಲ್ಲ ಓದಲು ಬರುವ ಭಾಷೆಯಲ್ಲೇ ಇದೆ, ಹೊರಗಿನ ಗಾಡಿ ಅಲ್ಲ.

ಈಗ ಕೆಟ್ಟ ಸುದ್ದಿ. ಕ್ಲಚ್ ಪೆಡಲ್ ಕನ್ನಡಿಯ ಹಾಗೆ ನುಣ್ಣಗಾಗಿದೆ. ಕೇಳಿದ್ದಕ್ಕೆ "ನಡುವೆ ಒಮ್ಮೆ ಕೇಬಲ್ ತುಂಡಾಗಿತ್ತು, ಹಾಕಿಸಲು ಸ್ವಲ್ಪ ತಡ ಆಯಿತು" ಅಂದರು. ಎಷ್ಟು ತಡ ಅಂತ ಅವರಿಗೇ ನೆನಪಿಲ್ಲ. ಪಿವಟ್ಟಿನ ಗ್ರೀಸ್ ನಿಪ್ಪಲ್ ಬಣ್ಣದ ಕೆಳಗೆ ಮುಚ್ಚಿಹೋಗಿತ್ತು, ಉಗುರಿನಲ್ಲಿ ಕೆರೆದು ಹುಡುಕಬೇಕಾಯಿತು. ಮುಂದಿನ ಎಡ ಹಬ್ಬಿನಲ್ಲಿ ಆಯಿಲ್ ಜಿನುಗಿ ಧೂಳು ಮೆತ್ತಿಕೊಂಡಿದೆ. ಹಿಂದಿನ ಆಯಿಲ್ ಸ್ವಲ್ಪ ಮಸುಕು ಮಸುಕು. ಮುಂದಿನ ಟೈರ್ ಪಕ್ಕದಲ್ಲೆಲ್ಲ ಬಿರುಕು. ಬಿಡಿಭಾಗದ ಅಂಗಡಿಯವರು ಪಂಪ್ ಬಿಟ್ಟು ಉಳಿದ ಮೂರೂ ಒಂದು ವಾರದೊಳಗೆ ಕೊಡುತ್ತಾರಂತೆ. ಪಂಪ್ ಆರ್ಡರ್ ಹಾಕಿ ಕಾಯಬೇಕು.

ಮೂರೆಕರೆ
ಬಿಟ್ಟುಬಿಡಿ ಅಣ್ಣ. ಮೀಟರ್ ಸುಳ್ಳು ಅಂತ ಆಯಿತಲ್ಲ. ಇನ್ನೇನು ಮುಚ್ಚಿಟ್ಟಿದ್ದಾರೋ.

ಗ್ಯಾರೇಜ್‌ವಾಸಿ
ಮುಚ್ಚಿಟ್ಟವರು ಬ್ಲಾಕ್ ತಣ್ಣಗೆ ಬಿಡುತ್ತಿರಲಿಲ್ಲ. ಕೇಬಲ್ ತುಂಡಾದದ್ದನ್ನು ಬಾಯಿ ಬಿಟ್ಟೇ ಹೇಳಿದ್ದಾರೆ. ನಾನು ನೋಡುವುದು ಹೀಗೆ: ಎಂಜಿನ್, ಕ್ಲಚ್, ಫೋರ್ ವೀಲ್, ಈ ಮೂರು ದೊಡ್ಡ ಖರ್ಚು ಸದ್ಯಕ್ಕೆ ಇಲ್ಲ. ಹಬ್ ಸೀಲ್ ಚಿಕ್ಕ ಸಾಮಾನು, ಬಿಚ್ಚಿದಾಗ ಬೇರಿಂಗೂ ನೋಡಿಸಿ. ಟೈರ್ ಹಳತಾಗಿದೆ, ಅದು ಗೊತ್ತಿರುವ ಖರ್ಚು. ಗೊತ್ತಿರುವ ಖರ್ಚಿಗೆ ನಾನು ಹೆದರಲ್ಲ, ಬೆಲೆಯಲ್ಲಿ ಕಳೆಯುತ್ತೇನೆ.

ಒಂದೇ ಅನುಮಾನ, ಹಿಂದಿನ ಆಯಿಲ್. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಲು ಒಪ್ಪಿಗೆ ಕೇಳಿ. ನೀರು ತಳದಲ್ಲಿ ಕೂರುತ್ತದೆ, ಮೊದಲು ಅದೇ ಬರುತ್ತದೆ. ಒಂದೆರಡು ಚಮಚದಷ್ಟಾದರೆ ಆಯಿಲ್ ಬದಲಾಯಿಸಿದರೆ ಸಾಕು. ಲೋಟಗಟ್ಟಲೆ ಬಂದರೆ ಒಳಗೆ ಬೇರಿಂಗ್ ತುಕ್ಕು ಹಿಡಿದಿರಬಹುದು, ಆಗ ನಾನೂ ಬೇಡ ಅನ್ನುತ್ತೇನೆ. ಬಂದ ಆಯಿಲ್ಲನ್ನು ಬಿಳಿ ಬಟ್ಟೆ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ. ಸಣ್ಣ ಮಿನುಗು ಇದ್ದೇ ಇರುತ್ತದೆ. ಬೆರಳಿಗೆ ತಗಲುವ ಚೂರು ಸಿಕ್ಕಿದರೆ ಗೇರ್ ಹಲ್ಲು ಹೋಗಿದೆ.

ಲೆಕ್ಕದವಳು
ಹೊಸಕೈ ಅವರೇ, 1,140 ಅನ್ನುವ ಅಂಕಿಯ ಮೇಲೆ ನಿಂತ ಬೆಲೆ ಅದು. ಅಂಕಿ ಬಿದ್ದ ಮೇಲೆ ಬೆಲೆಯೂ ಇಳಿಯಬೇಕು. ಎರಡು ಮುಂದಿನ ಟೈರ್, ಹಬ್ ಕೆಲಸ, ಎಲ್ಲ ಆಯಿಲ್ ಫಿಲ್ಟರ್, ಸೀಟ್ ಬೆಲ್ಟ್, ಬ್ಯಾಟರಿ. ಪ್ರತಿಯೊಂದರ ದರ ಬರೆದ ಚೀಟಿ ಅವರ ಮುಂದಿಡಿ. "ಸ್ವಲ್ಪ ಕಮ್ಮಿ ಮಾಡಿ" ಅನ್ನುವುದಕ್ಕೂ ಚೀಟಿ ಇಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಗೇರ್‌ಪ್ರೇಮಿ
ರೋಟವೇಟರ್ ಜೋಡಿ ಸರಿಯಾಗಿದೆ. ಎಂಜಿನ್ 24 ಎಚ್‌ಪಿ ಅಂದರೆ ಪಿಟಿಒಗೆ ಸುಮಾರು 20 ಸಿಗಬಹುದು. ಅಡಿಗೆ 5 ಎಚ್‌ಪಿ ಅನ್ನುವ ರೂಢಿಯ ಲೆಕ್ಕಕ್ಕೆ ನಾಲ್ಕಡಿ ಕೂರುತ್ತದೆ. ಅದಕ್ಕಿಂತ ಅಗಲದ್ದು ಕೊಡುತ್ತೇವೆ ಅಂದರೆ ಆಸೆ ಪಡಬೇಡಿ.

ಹೊಸಕೈ
ಡ್ರೈನ್ ಬೋಲ್ಟ್ ಸಡಿಲ ಮಾಡಿಸಿದೆ. ಒಂದು ಸಣ್ಣ ಮುಚ್ಚಳದಷ್ಟು ನೀರು ಬಂತು, ಆಮೇಲೆ ಆಯಿಲ್ಲೇ. ಬಟ್ಟೆ ಮೇಲೆ ಮಿನುಗು ಮಾತ್ರ, ಚೂರು ಇಲ್ಲ. ಗೇರ್ ಲಿವರಿನ ರಬ್ಬರ್ ನಿಜವಾಗಲೂ ಬಿರಿದಿತ್ತು.

ಚೀಟಿ ಇಟ್ಟೆ. ಅವರು ಬಹಳ ಹೊತ್ತು ಓದಿದರು. ಟೈರ್ ಮತ್ತು ಹಬ್ ಖರ್ಚು ಪೂರ್ತಿ ಕಳೆದರು, ಆಯಿಲ್ ಫಿಲ್ಟರ್ ನಿಮ್ಮದೇ ಅಂದರು. ಬ್ಯಾಟರಿಗೆ ಒಪ್ಪಲೇ ಇಲ್ಲ. ಮುಂಗಡ ಕೊಟ್ಟು ಬಂದಿದ್ದೇನೆ, ಕಾಗದ ಕೈಗೆ ಬಂದ ಮೇಲೆ ಉಳಿದ ಹಣ. ಮೂರೆಕರೆ ಅಣ್ಣ, ಬೈಯಬೇಡಿ.

ಮೂರೆಕರೆ
ಬೈಯಲ್ಲ ಮಾರಾಯ. ನನ್ನ ಮಾತು ನನಗೆ, ನಿನ್ನ ಗಾಡಿ ನಿನಗೆ. ಆ ಪಂಪ್ ಕೆಟ್ಟ ದಿನ ನೆನಪಿಸುತ್ತೇನೆ ಅಷ್ಟೇ.

ಹೊಸಕೈ
ಒಂದು ಕೊನೆಯ ಪ್ರಶ್ನೆ. ಹುಲ್ಲು ಹೊಡೆಯಲು ಹಿಂದೆ ಹಾಕುವ ಸ್ಲ್ಯಾಶರ್ ಬಾಡಿಗೆಗೆ ತರಬೇಕು ಅಂತಿದ್ದೇನೆ. ಈ ಗಾಡಿಗೆ ಸಿಂಗಲ್ ಕ್ಲಚ್. ಏನಾದರೂ ಎಚ್ಚರ ಬೇಕಾ?

ಗ್ಯಾರೇಜ್‌ವಾಸಿ
ಬೇಕು, ಬಹಳ ಬೇಕು. ಸಿಂಗಲ್ ಕ್ಲಚ್ಚಿನಲ್ಲಿ ಚಕ್ರ, ಪಿಟಿಒ ಎರಡಕ್ಕೂ ಒಂದೇ ಕ್ಲಚ್. ನೀವು ಕ್ಲಚ್ ತುಳಿದರೆ ಎಂಜಿನ್ ಬಿಟ್ಟುಕೊಳ್ಳುತ್ತದೆ, ಆದರೆ ತಿರುಗುತ್ತಿರುವ ಭಾರದ ಬ್ಲೇಡ್ ನಿಲ್ಲುವುದಿಲ್ಲ. ಅದು ಪಿಟಿಒ ಮೂಲಕ ಗೇರ್ ಬಾಕ್ಸನ್ನು ತಿರುಗಿಸಿ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಮರದ ಹತ್ತಿರ ಕ್ಲಚ್ ತುಳಿದೆ, ನಿಲ್ಲಲಿಲ್ಲ ಅನ್ನುವುದು ಹೀಗೇ. ಪಿಟಿಒ ಶಾಫ್ಟಿಗೆ ಓವರ್‌ರನ್ನಿಂಗ್ ಕಪ್ಲಿಂಗ್ ಅಂತ ಬರುತ್ತದೆ, ಒಂದೇ ಕಡೆಗೆ ಹಿಡಿಯುವ ಸಾಮಾನು. ಅದನ್ನು ಹಾಕದೆ ಸ್ಲ್ಯಾಶರ್ ಕಟ್ಟಬೇಡಿ. ಹಾಕಿದ ಮೇಲೆ ಶಾಫ್ಟ್ ಒಂದಿಷ್ಟು ಉದ್ದವಾಗುತ್ತದೆ. ಲಿಫ್ಟ್ ಪೂರ್ತಿ ಎತ್ತಿ ಇಳಿಸಿ, ಎಲ್ಲೂ ಒತ್ತುತ್ತಿಲ್ಲ ಅಂತ ನೋಡಿ. ಒತ್ತಿದರೆ ಶಾಫ್ಟ್ ಕತ್ತರಿಸಿ ಸರಿಮಾಡಿಸಿಕೊಳ್ಳಿ. ರೋಟವೇಟರಿಗೆ ಇದು ಬೇಕಿಲ್ಲ, ಮಣ್ಣೇ ಅದನ್ನು ನಿಲ್ಲಿಸುತ್ತದೆ.